ಬೆಡ್‌ಶೀಟ್ ಒಣಗಿಸುವ ತಾರಸಿಯನ್ನು ನೋಡತಕ್ಕ ಸ್ಥಳವೆಂದು ಪರಿಗಣಿಸಿರುವ ಬಗ್ಗೆ

ನೋಡತಕ್ಕ ಸ್ಥಳಗಳ ಇಲಾಖೆ
ಸರೋವರ ದಂಡೆ ಕಚೇರಿ, ಎರಡನೇ ಮಹಡಿ (ಇಲ್ಲಿಂದ ಸರೋವರ ಕಾಣುವುದಿಲ್ಲ)

ಸಂಖ್ಯೆ: ನೋಸ್ಥಇ/ಸ್ಥಳ-7/ತಾರಸಿ/ತಿದ್ದುಪಡಿ-4

ಸುತ್ತೋಲೆ

ವಿಷಯ: ನಗರದ ಹತ್ತು ಪ್ರಮುಖ ನೋಡತಕ್ಕ ಸ್ಥಳಗಳ ಪೈಕಿ ಏಳನೆಯದರಲ್ಲಿ ಪ್ರವಾಸಿಗರು, ಮನೆಯವರು ಹಾಗೂ ಬೆಡ್‌ಶೀಟ್‌ಗಳು ಪಾಲಿಸಬೇಕಾದ ಶಿಸ್ತು.

ಉಲ್ಲೇಖ: 1. ಇಲಾಖೆಯ ಪ್ರವಾಸಿ ನಕ್ಷೆ, ನಲವತ್ತು ಸಾವಿರ ಪ್ರತಿಗಳು. 2. ಮನೆಯೊಡತಿಯು ಮೆಟ್ಟಿಲ ಮೇಲೆ ನಿಂತು ಸಲ್ಲಿಸಿದ ಮೌಖಿಕ ಮನವಿ. 3. ಲಾಡ್ಜ್ ಮ್ಯಾನೇಜರರ ಪತ್ರ (ಒದ್ದೆಯಾಗಿದೆ).

ಪ್ರವಾಸಿ ನಕ್ಷೆಯಲ್ಲಿ ಏಳನೇ ಸ್ಥಳವಾದ ಸರೋವರ ವೀಕ್ಷಣಾ ಗೋಪುರವಿರುವ ಜಾಗದ ಮೇಲೆ ಅಧ್ಯಕ್ಷರ ಭಾವಚಿತ್ರ ಮುದ್ರಣವಾಗಿರುತ್ತದೆ. ಭಾವಚಿತ್ರವನ್ನು ಸರಿಸುವ ಅಧಿಕಾರ ಯಾರಿಗೂ ಇಲ್ಲದ ಕಾರಣ, ನಕ್ಷೆಗಾರರು 7 ಎಂಬ ಅಂಕಿಯನ್ನೇ ಎರಡು ಬೀದಿ ಆಚೆಗೆ ಸರಿಸಿರುತ್ತಾರೆ. ಅದು ಲಾಡ್ಜಿನ ಬೆಡ್‌ಶೀಟ್ ಒಗೆಯುವ ಮಹಿಳೆಯೊಬ್ಬರ ಮನೆಯ ತಾರಸಿಯ ಮೇಲೆ ಬಿದ್ದಿರುತ್ತದೆ. ಅಂದಿನಿಂದ ದಿನಕ್ಕೆ ಸುಮಾರು ಇನ್ನೂರು ಮಂದಿ ಸದರಿ ತಾರಸಿಯನ್ನು ಹತ್ತುತ್ತಿದ್ದಾರೆ. ನಕ್ಷೆಯನ್ನು ತಿದ್ದುವುದಕ್ಕಿಂತ ಮನೆಯನ್ನು ತಿದ್ದುವುದು ಸುಲಭವೆಂದು ಕಂಡುಬಂದಿರುವುದರಿಂದ, ಈ ಕೆಳಕಂಡಂತೆ ನಡೆದುಕೊಳ್ಳಲು ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸಲಾಗಿದೆ.

1. ಏಳನೇ ಸ್ಥಳವು ಸಾರ್ವಜನಿಕ ಸ್ಥಳವಾಗಿರುವುದರಿಂದ ಪ್ರವಾಸಿಗರು ಬಾಗಿಲು ತಟ್ಟುವ ಅಗತ್ಯವಿರುವುದಿಲ್ಲ. ಮನೆಯವರು ತಾರಸಿಗೆ ಹೋಗುವ ಮುನ್ನ ತಟ್ಟತಕ್ಕದ್ದು.

2. ತಾರಸಿಗೆ ದಾರಿ ಅಡುಗೆಮನೆಯ ಮೂಲಕ ಇರುತ್ತದೆ. ಪಾತ್ರೆಯ ಮುಚ್ಚಳ ತೆಗೆದು ನೋಡುವುದನ್ನು ನಿಷೇಧಿಸಲಾಗಿದೆ. "ಉಪ್ಪು ಸ್ವಲ್ಪ ಜಾಸ್ತಿ ಆಯ್ತು" ಎಂಬ ಅಭಿಪ್ರಾಯವನ್ನು ಸಲಹಾ ಪೆಟ್ಟಿಗೆಯಲ್ಲೇ ಹಾಕತಕ್ಕದ್ದು.

3. ಸರೋವರವು ನಾಲ್ಕನೇ ಹಾಗೂ ಐದನೇ ಬೆಡ್‌ಶೀಟ್‌ಗಳ ನಡುವೆ ಕಾಣಸಿಗುತ್ತದೆ. ಗಾಳಿಯಿಲ್ಲದ ದಿನ ಐದನೆಯದರ ಎಡ ಅಂಚನ್ನು ಒಂದು ಗೇಣಿಗೆ ಮೀರದಂತೆ ಎತ್ತಿ ನೋಡಬಹುದು. ಎತ್ತಿದವರೇ ಇಳಿಸತಕ್ಕದ್ದು. ಬೆಡ್‌ಶೀಟಿನಲ್ಲಿ ಮುಖ ಒರೆಸಿಕೊಳ್ಳುವುದು ದರ್ಶನದ ಭಾಗವಾಗಿರುವುದಿಲ್ಲ.

4. ಮನೆಯೊಡತಿಯ ಅತ್ತೆಯವರು ತಾರಸಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ರೂಢಿ ಇರುತ್ತದೆ. ಅವರನ್ನು ಸ್ಥಳದ ಅವಿಭಾಜ್ಯ ಅಂಗವೆಂದು ಘೋಷಿಸಲಾಗಿದೆ. ಫೋಟೊ ತೆಗೆಯುವ ವೇಳೆಯಲ್ಲಿ ಅವರು ಬಾಯಿ ತೆರೆದು ತೂಕಡಿಸುವಂತಿಲ್ಲ.

5. ಉಳಿದ ಸ್ಥಳಗಳ ಸಿಬ್ಬಂದಿಯಲ್ಲಿ ಅಸೂಯೆ ಕಂಡುಬಂದಿದೆ. ಮೀನು ಸಂಗ್ರಹಾಲಯಕ್ಕೆ ಕಳೆದ ತಿಂಗಳು ಹನ್ನೊಂದು ಮಂದಿ ಭೇಟಿ ನೀಡಿದ್ದು, ಆ ಪೈಕಿ ಒಂಬತ್ತು ಮಂದಿ ಶೌಚಾಲಯ ಕೇಳಿಕೊಂಡು ಬಂದವರಾಗಿರುತ್ತಾರೆ. ಹೀಗಿದ್ದರೂ ದೋಣಿಕಟ್ಟೆಯವರು ಪ್ರವಾಸಿಗರನ್ನು ತಡೆದು "ಅಲ್ಲೇನ್ರೀ ಇದೆ ಮಣ್ಣು, ನಾಲ್ಕು ಒದ್ದೆ ಬಟ್ಟೆ, ಒಂದು ಅಜ್ಜಿ" ಎನ್ನುವುದು ಸೇವಾ ನಿಯಮಕ್ಕೆ ವಿರುದ್ಧ. ಬಟ್ಟೆಗಳ ಸಂಖ್ಯೆ ಅರವತ್ತು.

6. ಉಲ್ಲೇಖ 2ರ ಮನವಿಯನ್ನು ಇಲಾಖೆಯ ಪರಿವೀಕ್ಷಕರು ಸ್ಥಳದಲ್ಲೇ ಇದ್ದದ್ದು ಇದ್ದಂತೆ ಬರೆದುಕೊಂಡಿರುತ್ತಾರೆ:

ಮನೆಯೊಡತಿ: "ಅರವತ್ತು ಬೆಡ್‌ಶೀಟು ಸಂಜೆ ಐದಕ್ಕೆ ಲಾಡ್ಜಿಗೆ ಮುಟ್ಟಬೇಕು ಸರ್. ನಿಮ್ಮ ಜನ ಬಂದು ಬಿಸಿಲಿಗೆ ಅಡ್ಡ ನಿಂತ್ಕೋತಾರೆ. ಇನ್ನೊಂದು ಸಲ ಒದ್ದೆ ತಂದ್ರೆ ಬೇರೆಯವರಿಗೆ ಕೊಡ್ತೀನಿ ಅಂತ ಮ್ಯಾನೇಜರು ಹೇಳ್ಬಿಟ್ಟಿದ್ದಾರೆ. ನನಗಿರೋದು ಇದೊಂದೇ ಕೆಲಸ."

ಅತ್ತೆ: "ಬಂದ್ರೆ ಬರ್ಲಿ ಬಿಡೇ. ನಿನ್ನ ಮಾವ ನಲವತ್ತು ವರ್ಷದಲ್ಲಿ ಒಂದು ದಿನಾನೂ ನನ್ನ ಇಷ್ಟು ಹೊತ್ತು ನೋಡಿರ್ಲಿಲ್ಲ."

ಮನೆಯೊಡತಿ: "ನಿಮಗೇನತ್ತೆ, ಕೂತ್ಕೊಂಡು ನಗ್ತೀರ. ಹಿಂಡೋಳು ನಾನು. ಸರ್, ಬರ್ಕೊಂಡಿದ್ದು ಸಾಕು, ಆ ತುದಿ ಹಿಡ್ಕೊಳ್ಳಿ."

ಪರಿವೀಕ್ಷಕರು ಹಿಡಿದುಕೊಂಡಿರುತ್ತಾರೆ. ಇಂಥ ಕೆಲಸಕ್ಕೆ ಮುಂಚಿತವಾಗಿ ಮೇಲಧಿಕಾರಿಗಳ ಅನುಮತಿ ಪಡೆಯದ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ.

7. ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಬಿಸಿಲು ಸಾರ್ವಜನಿಕ ಸ್ವತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಪ್ರವಾಸಿಗರೂ, ಆರರ ನಂತರ ಬೆಡ್‌ಶೀಟ್‌ಗಳೂ ಬಿಸಿಲನ್ನು ಬಳಸಿಕೊಳ್ಳತಕ್ಕದ್ದು.

8. ರಾತ್ರಿ ಹಾಸಿಗೆ ತಣ್ಣಗೆ ಅಂಟುತ್ತದೆಂದು ಅತಿಥಿಗಳು ದೂರುತ್ತಿರುವುದಾಗಿ ಉಲ್ಲೇಖ 3ರಲ್ಲಿ ಲಾಡ್ಜ್ ಮ್ಯಾನೇಜರು ತಿಳಿಸಿರುತ್ತಾರೆ. ದೂರಿದವರ ಹೆಸರುಗಳೂ ಹಗಲು ತಾರಸಿಯಲ್ಲಿ ನಿಂತಿದ್ದವರ ಹೆಸರುಗಳೂ ಒಂದೇ ಆಗಿರುತ್ತವೆ. ಇವೆರಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ತಿಳಿಯಲು ಉಪಸಮಿತಿ ರಚಿಸಲಾಗಿದೆ. ಉಪಸಮಿತಿಯು ಅದೇ ಲಾಡ್ಜಿನಲ್ಲಿ ತಂಗಿದ್ದು, ಸದಸ್ಯರಿಗೆಲ್ಲ ನೆಗಡಿಯಾಗಿರುವುದರಿಂದ ವರದಿ ತಡವಾಗಲಿದೆ.

9. (ಈ ಸುತ್ತೋಲೆ ಟೈಪ್ ಆಗುತ್ತಿದ್ದಾಗ ನಡೆದ ಘಟನೆಯಿಂದಾಗಿ ಸೇರಿಸಲಾದ ಕಲಂ.) ಪ್ರತಿಯೊಂದು ಸ್ಥಳದ ಬಾಗಿಲಿಗೂ ಇಲಾಖೆಯ ಬೋರ್ಡ್ ಕಡ್ಡಾಯವೆಂದು ಹಿಂದಿನ ತಿದ್ದುಪಡಿಯಲ್ಲಿ ಆದೇಶಿಸಲಾಗಿತ್ತು. ಅದರಂತೆ ಮನೆಯೊಡತಿಯು ಮೊನ್ನೆ ಕಚೇರಿಗೆ ಬಂದು ಸ್ಟೋರ್ ಕೀಪರರನ್ನು ಭೇಟಿಯಾಗಿರುತ್ತಾರೆ. "ಯಾವ ಬೋರ್ಡ್ ಬೇಕಮ್ಮ?" ಎಂದು ಕೇಳಲಾಗಿ, "ಯಾವ್ಯಾವುದಿದೆ ತೋರ್ಸಿಯಣ್ಣ" ಎಂದು ಎಲ್ಲವನ್ನೂ ಸಾವಕಾಶವಾಗಿ ಓದಿ, ಒಂದನ್ನು ಆರಿಸಿ, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ದು, ಮನೆಬಾಗಿಲಿಗೆ ತೂಗುಹಾಕಿರುತ್ತಾರೆ. ಅದು "ದುರಸ್ತಿಯಲ್ಲಿದೆ. ಪ್ರವೇಶವಿಲ್ಲ" ಎಂಬ ಬೋರ್ಡ್ ಆಗಿರುತ್ತದೆ.

10. ಸದರಿ ಬೋರ್ಡ್ ತೂಗುಹಾಕುವ ಬಗ್ಗೆ ನಿಯಮವಿದ್ದು, ತೆಗೆಯುವ ಬಗ್ಗೆ ಯಾವುದೇ ನಿಯಮ ಕಂಡುಬಂದಿರುವುದಿಲ್ಲ. ಗಡಿಯಾರ ಗೋಪುರದಲ್ಲಿ ಇಂಥದೇ ಬೋರ್ಡ್ ಹನ್ನೊಂದು ವರ್ಷಗಳಿಂದ ಇದ್ದು, ಗಡಿಯಾರ ಸರಿಯಾಗಿಯೇ ಓಡುತ್ತಿದ್ದರೂ ಯಾರೂ ಮುಟ್ಟುವ ಧೈರ್ಯ ಮಾಡಿರುವುದಿಲ್ಲ. ದುರಸ್ತಿ ಮುಗಿದಿದೆಯೆಂದು ಆಯಾ ಸ್ಥಳದಲ್ಲಿ ಇರುವವರೇ ಬರೆದುಕೊಡಬೇಕಾಗಿರುತ್ತದೆ. ಯಾವಾಗ ಮುಗಿಯಬಹುದೆಂದು ಪರಿವೀಕ್ಷಕರು ಬೀದಿಯಿಂದಲೇ ಕೂಗಿ ಕೇಳಲಾಗಿ, "ನೋಡೋಣ ಸರ್, ಮೇಲಿಂದ ಆದೇಶ ಬರ್ಲಿ" ಎಂಬ ಉತ್ತರ ತಾರಸಿಯಿಂದ ಬಂದಿರುತ್ತದೆ.

11. ಆದುದರಿಂದ ಮೇಲಿನ ಎಲ್ಲ ನಿಯಮಗಳೂ ಪೂರ್ಣವಾಗಿ ಜಾರಿಯಲ್ಲಿರುತ್ತವೆ. ಅವುಗಳನ್ನು ಪಾಲಿಸಲು ಯಾರೂ ಒಳಗೆ ಹೋಗುವಂತಿಲ್ಲ. ನಿನ್ನೆ ಅರವತ್ತು ಬೆಡ್‌ಶೀಟ್‌ಗಳು ಗರಿಗರಿಯಾಗಿ ಒಣಗಿ ನಾಲ್ಕೂವರೆಗೇ ಲಾಡ್ಜ್ ತಲುಪಿರುವುದನ್ನು ಇಲಾಖೆಯ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ನಮೂದಿಸತಕ್ಕದ್ದು.

(ಸಹಿ ಓದಲಾಗುತ್ತಿಲ್ಲ)
ಪ್ರಭಾರ ಉಪನಿರ್ದೇಶಕರು
ನೋಡತಕ್ಕ ಸ್ಥಳಗಳ ಇಲಾಖೆ

ಪ್ರತಿಗಳು:
1. ಲಾಡ್ಜ್ ಮ್ಯಾನೇಜರಿಗೆ, ಒಗೆಯುವವರನ್ನು ಬದಲಿಸುವ ಅಗತ್ಯವಿಲ್ಲವೆಂಬ ಸೂಚನೆಯೊಂದಿಗೆ.
2. ಉಪಸಮಿತಿಗೆ, ಎರಡು ಕರವಸ್ತ್ರಗಳ ಸಹಿತ.
3. ಸ್ಟೋರ್ ಕೀಪರಿಗೆ, ಉಳಿದ ಬೋರ್ಡ್‌ಗಳನ್ನು ಬೀಗ ಹಾಕಿ ಇಡಲು.
4. ಪರಿವೀಕ್ಷಕರಿಗೆ, ಮನೆಯೊಡತಿಯ ಪ್ರತಿಯನ್ನು ಬಾಗಿಲ ಕೆಳಗಿನಿಂದ ತೂರಿಸಿ ಬರಲು. ತಾವೂ ಒಳಗೆ ಹೋಗುವಂತಿಲ್ಲ.