ಕೈಗಡ ಹೋದ ಮಾರ್ಕ್ಸ್ ಕಾರ್ಡು

ಪಕ್ಕದ ಮನೆಯ ಕಂಡಕ್ಟರನ ಹೆಂಡತಿ ಸಕ್ಕರೆಗಿಂತ ಹೆಚ್ಚಾಗಿ ಕೈಗಡ ಕೇಳುತ್ತಿದ್ದದ್ದು ಈ ಮನೆಯ ಹುಡುಗಿಯ ಮಾರ್ಕ್ಸ್ ಕಾರ್ಡನ್ನು. ಪ್ರತಿ ಪರೀಕ್ಷೆಯಾದ ಮೇಲೆ ಒಯ್ದು ತನ್ನ ಮಗನ ಮೂಗಿನ ಕೆಳಗೆ ಹಿಡಿದು, "ನೋಡು, ಓದು ಅಂದ್ರೆ ಇದು" ಎನ್ನುವುದು, ಸಂಜೆ ವಾಪಸು ಮಾಡುವುದು. ಗಣಿತದಲ್ಲಿ ತೊಂಬತ್ತೈದರಿಂದ ಕೆಳಗಿಳಿಯದ ಹುಡುಗಿಗೆ ಬೀದಿಯಲ್ಲಿ ತೊಂಬತ್ತೈದು ಎಂದೇ ಹೆಸರು.

ಎಂಟನೇ ಕ್ಲಾಸಿಗೆ ಹೈಸ್ಕೂಲು ಸೇರಿದ ಮೇಲೆ ಬಂದ ಮೊದಲ ಕಾರ್ಡಿನಲ್ಲಿ ಗಣಿತಕ್ಕೆ ಮೂವತ್ತೇಳು ಇತ್ತು. ತೊಂಬತ್ತೈದು ಅದನ್ನು ಹಾಸಿಗೆಯ ಕೆಳಗೆ ತುರುಕಿ, ಅಪ್ಪನ ಸಹಿ ಹೇಗೆ ಪಡೆಯುವುದೆಂದು ಎರಡು ದಿನದಿಂದ ಅನ್ನ ಸೇರದೆ ಕೂತಿದ್ದಳು. ಅಪ್ಪ ವಾಚ್ ರಿಪೇರಿಯವನು. ಎಳ್ಳಿಗಿಂತ ಸಣ್ಣ ಸ್ಕ್ರೂ ಕೂಡ ಅವನ ಕಣ್ಣು ತಪ್ಪಿಸಿಕೊಂಡದ್ದಿಲ್ಲ.

ರಜೆಯ ದಿನ ಅಪ್ಪ ಅಂಗಡಿಗೆ ಹೋದ ಬೆನ್ನಿಗೇ ಪಕ್ಕದ ಮನೆಯ ಆಂಟಿ ಬಂದರು.

"ಕಾರ್ಡ್ ಕೊಡಮ್ಮ."

"ಇನ್ನೂ ಕೊಟ್ಟಿಲ್ಲ ಆಂಟಿ."

"ನಮ್ಮೋನಿಗೆ ಕೊಟ್ಟಿದಾರಲ್ಲ. ಇಬ್ರದೂ ಒಂದೇ ಕ್ಲಾಸು ತಾನೆ?"

ಹಾಸಿಗೆಯ ಕೆಳಗಿಂದ ಕಾರ್ಡು ಹೊರಬಂತು. ಕಾರ್ಡು ನೋಡಿದ ಆಂಟಿಯ ಮುಖ ಊರಗಲ ಅರಳಿತು.

"ಮೂವತ್ತೇಳಾ? ನಮ್ಮೋನಿಗೆ ಮೂವತ್ತೊಂಬತ್ತು ಕಣೆ."

"ಯಾರಿಗೂ ಹೇಳ್ಬೇಡಿ ಆಂಟಿ."

"ನಾನ್ಯಾಕೆ ಹೇಳ್ಲಿ? ಬರೀ ತೋರಿಸ್ತೀನಿ."

ಮಧ್ಯಾಹ್ನದೊಳಗೆ ಕಾರ್ಡು ಮೂರು ಮನೆ ಸುತ್ತಿತು. "ತೊಂಬತ್ತೈದಿಗೇ ಹೀಗಾದ್ರೆ ನಿಂದೇನು ಮಹಾ" ಎಂದು ಅಮ್ಮಂದಿರು ಮಕ್ಕಳ ಬೆನ್ನು ಸವರಿದರು. ಇಷ್ಟು ವರ್ಷ ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ ದರ್ಜಿಯ ಮಗಳು ಕಿಟಕಿಯ ಹತ್ತಿರ ಬಂದು, ಪ್ರೀತಿಯಿಂದ ಒಂದು ಚಾಕಲೇಟು ಕೊಟ್ಟು ಹೋದಳು. ತೊಂಬತ್ತೈದಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಸಂಜೆ ಕಾರ್ಡು ಎಣ್ಣೆ ಕಲೆಯೊಂದಿಗೆ ಮರಳಿತು. ಪಾಲಕರ ಸಹಿಯ ಜಾಗದಲ್ಲಿ ಸಹಿಯೂ ಇತ್ತು.

"ನಮ್ಮೆಜಮಾನ್ರು ಡ್ಯೂಟಿಗೆ ಹೊರಟಿದ್ರು. ಎರಡೂ ಕಾರ್ಡು ಒಟ್ಟಿಗಿತ್ತು, ನೋಡ್ದೆ ನಿಂದಕ್ಕೆ ಹಾಕ್ಬಿಟ್ರು" ಎಂದರು ಆಂಟಿ.

ಸಹಿ ಬಿತ್ತಲ್ಲ, ಇನ್ನು ಅಪ್ಪನಿಗೆ ತೋರಿಸುವ ಕೆಲಸವೇ ಇಲ್ಲ. ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು, ಎರಡು ದಿನದ ಹಸಿವೂ ಆಯಿತು.

ತಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಅಪ್ಪ ಬಂದ. ಹಿಂದೆಯೇ ಕಂಡಕ್ಟರನ ಮಗ, ಕೈಯಲ್ಲಿ ಗಣಿತದ ಪುಸ್ತಕ.

"ಕಂಡಕ್ಟರು ಅಂಗಡಿಗೆ ಬಂದಿದ್ರು" ಎಂದ ಅಪ್ಪ. "ನಿನ್ನ ಕಾರ್ಡಿಗೆ ಅವರು ತಪ್ಪಿ ಸಹಿ ಹಾಕಿದ್ರಂತೆ. ಇವನ ಕಾರ್ಡಿಗೆ ನೀವು ಹಾಕಿ, ಸರಿಹೋಗುತ್ತೆ ಅಂದ್ರು. ಹಾಕ್ದೆ. ಪಾಪ, ಗಣಿತಕ್ಕೆ ಬರೀ ಮೂವತ್ತೊಂಬತ್ತು. ಇವತ್ತಿಂದ್ಲೇ ನನ್ನ ಮಗಳು ಹೇಳ್ಕೊಡ್ತಾಳೆ ಅಂತ ಮಾತು ಕೊಟ್ಟಿದೀನಿ."

ತೊಂಬತ್ತೈದು ಗೋಡೆಗೆ ಒರಗಿದಳು.

"ಮೊದ್ಲು ನಿನ್ನ ಕಾರ್ಡ್ ತೋರ್ಸಮ್ಮ. ನೋಡಿ ಇವನಿಗೂ ಬುದ್ಧಿ ಬರ್ಲಿ."

ವರ್ಷಗಟ್ಟಲೆ ಆ ಮಾತು ಕೇಳಿ ಸಾಕಾಗಿದ್ದ ಹುಡುಗ ಬಲು ವಿನಯದಿಂದ ಹೇಳಿದ: "ನಾನು ಬೆಳಿಗ್ಗೆನೇ ನೋಡ್ದೆ ಅಂಕಲ್. ಈಗ ನೀವು ನೋಡಿ."

ಅಪ್ಪ ಜೇಬಿನಿಂದ ವಾಚ್ ನೋಡುವ ಗಾಜು ತೆಗೆದು ಕಣ್ಣಿಗಿಟ್ಟ.