ಮಾವನ ಎಕೋ ಪೆಟ್ಟಿಗೆ

ನಮ್ಮ ಸೋದರಮಾವನ ಮನೆಯಲ್ಲಿ ಮನುಷ್ಯರಿಗೆ ನೆಗಡಿಯಾದರೆ ಒಂದು ಲೋಟ ಕಷಾಯ ಸಾಕು. ಆಂಪ್ಲಿಫೈಯರ್‌ಗೆ ನೆಗಡಿಯಾದರೆ ಮಾತ್ರ ಮಾವ ಊಟ ಬಿಡುತ್ತಾರೆ! ನಂಬುವುದಿಲ್ಲವೇ? ಶಿಡ್ಲಘಟ್ಟದಿಂದ ಸ್ವಲ್ಪ ಆಚೆ ಅವರ ಊರು. ಬಸ್ಸಿಳಿದು "ಪೆಟ್ಟಿಗೆ ಮನೆ ಯಾವುದು?" ಎಂದು ಕೇಳಿ. ಹಿಪ್ಪುನೇರಳೆ ತೋಟದ ಪಕ್ಕದ ದಾರಿಯನ್ನು ನಗುತ್ತಲೇ ತೋರಿಸುತ್ತಾರೆ.

ಪೆಟ್ಟಿಗೆ ಎಂದರೆ ಮಾವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ ಕಾಲದ ವಾಲ್ವ್ ಆಂಪ್ಲಿಫೈಯರ್. ಎತ್ತಿಡಲು ಇಬ್ಬರು ಬೇಕು. ಸ್ವಿಚ್ ಹಾಕಿದ ಕೂಡಲೇ ಹಾಡುವುದಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಕಾಯುವವರೆಗೂ ನಾವು ಕಾಯಬೇಕು. ಚಳಿಗಾಲದಲ್ಲಿ ಮಾವ ಅದಕ್ಕೆ ಕಂಬಳಿ ಬೇರೆ ಹೊದಿಸುತ್ತಾರೆ. ಅತ್ತೆ ಒಂದು ದಿನ ರೇಗಿ, "ನಡುಮನೇಲಿ ಇದಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದರಂತೆ. ಮಾವ ಬಹಳ ಹೊತ್ತು ಯೋಚಿಸಿದರಂತೆ! ಕೊನೆಗೆ ಪೆಟ್ಟಿಗೆ ರೇಷ್ಮೆಹುಳು ಸಾಕುವ ಮನೆಗೆ ಹೋಯಿತು.

ಅಂದಿನಿಂದ ಹುಳುವಿಗೂ ಗಿಟಾರು. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿನಲ್ಲಿ, ತಂತಿ ಮುಟ್ಟಬಾರದೆಂದು ಮಾವನೇ ಕಾನೂನು ಮಾಡಿಕೊಂಡಿದ್ದಾರೆ. ಗೂಡಿನ ಮಾರುಕಟ್ಟೆಯಲ್ಲಿ ಯಾರೋ ರೇಗಿಸಿದರು: "ಏನಣ್ಣಾ, ನಿಮ್ ಗೂಡು ಬಿಚ್ಚಿದ್ರೆ ನೂಲಿನ ಜೊತೆ ಹಾಡೂ ಬರ್ತದಾ?"

"ಬರ್ತದೆ. ಅದಕ್ಕೆ ಬೇರೆ ರೇಟು!" ಎಂದರು ಮಾವ.

ಇಂಥ ಪೆಟ್ಟಿಗೆಯ ಎಕೋ, ಅಂದರೆ ದನಿಗೆ ಮಾರ್ದನಿ ಕೂಡಿಸುವ ಗುಣ, ಹೋದ ವರ್ಷ ನಿಂತುಹೋಯಿತು. ಬರೀ ಗಿಟಾರಿನ ಮಾತಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಶನಿವಾರ ಸಂಜೆ ಅವರ ಜಗಲಿಯಲ್ಲಿ ಭಜನೆ ನಡೆಯುತ್ತದೆ; ಮೊದಲ ದನಿ ಅತ್ತೆಯದು. ಗಂಟಲಿನ ಆಪರೇಷನ್ ಆದಮೇಲೆ ಆ ದನಿ ಸಣ್ಣಗಾಗಿ, ಅವರು ಹಾಡುವುದನ್ನೇ ಬಿಟ್ಟಿದ್ದರು. ಮಾವ ಪೆಟ್ಟಿಗೆಯನ್ನು ಜಗಲಿಗೆ ಹೊರಿಸಿ, ಮೈಕು ಸಿಕ್ಕಿಸಿ ಎಕೋ ಕೊಟ್ಟ ಮೇಲೆ ದನಿ ತುಂಬಿಕೊಂಡಂತೆ ಕೇಳಿಸಿತು. ಅತ್ತೆಗೆ ಧೈರ್ಯ ಬಂತು, ಹಾಡೂ ಬಂತು. ಎಕೋ ಹೋದದ್ದೇ ತಡ, ತಾಳ ಕೆಳಗಿಟ್ಟುಬಿಟ್ಟರು.

"ಈ ಬರೀ ಗಂಟಲು ಇಟ್ಕೊಂಡು ನಾನು ಹಾಡಲ್ಲಪ್ಪ. ಬೇರೆಯವರು ಹಾಡ್ಲಿ."

ಮುಂದಿನ ಭಾನುವಾರ ಗೌರಿಬಿದನೂರಿನಿಂದ ನಾನು ಹೋಗುವಷ್ಟರಲ್ಲಿ ಮಾವ ಪೆಟ್ಟಿಗೆಯ ಬೆನ್ನು ಬಿಚ್ಚಿ ಕೂತಿದ್ದರು. "ಬಾರಪ್ಪಾ, ಟಾರ್ಚ್ ಹಿಡ್ಕೋ" ಎಂದರು. ಕಾಫಿ ಆಯಿತಾ ಎಂದು ಕೇಳುವ ಪದ್ಧತಿ ಅಲ್ಲಿಲ್ಲ!

ಹೊಸ ವಾಲ್ವ್ ಹಾಕಿದ್ದಾಗಿತ್ತು, ಪ್ರಯೋಜನವಾಗಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ತಟ್ಟೆ, ಅದರಲ್ಲಿ ಉದ್ದನೆಯ ಸಣ್ಣ ಸ್ಪ್ರಿಂಗುಗಳು. ದನಿ ಒಂದು ತುದಿಯಲ್ಲಿ ಹೊಕ್ಕು, ನಡುಗುತ್ತಾ ಓಡಿ, ಇನ್ನೊಂದು ತುದಿಯಲ್ಲಿ ತಡವಾಗಿ ಹೊರಬರುತ್ತದೆ. ಎಕೋ ಎಂದರೆ ಅಷ್ಟೇ. ಆನ್ ಮಾಡಿ ಪೆಟ್ಟಿಗೆಗೆ ಗುದ್ದಿದರೆ ಸ್ಪ್ರಿಂಗ್ ಅದುರಿ ಗುಡುಗಬೇಕು. ಮಾವ ಗುದ್ದಿದರು. ಗುಡುಗಲಿಲ್ಲ. ಇನ್ನೂ ಜೋರಾಗಿ ಗುದ್ದಿದರು. ಗುಡುಗಿದ್ದು ಅಡುಗೆಮನೆ!

"ಏನ್ರೀ ಅದು, ಗೋಡೆ ಕೆಡವ್ತಿದೀರಾ?"

ಮಾವ ತಟ್ಟೆಯಿಂದ ವಾಪಸು ಬರುವ ವೈರನ್ನು ಕಿತ್ತು, ಅದರ ತುದಿಗೆ ಬೆರಳು ತಾಗಿಸಿದರು. ಸ್ಪೀಕರ್ 'ಗುಂಯ್' ಎಂದಿತು. "ಆಂಪ್ಲಿಫೈಯರ್ ನೆಟ್ಟಗಿದೆ ಕಣೋ. ರೋಗ ಇರೋದು ತಟ್ಟೇಲಿ."

ತಟ್ಟೆ ಬಿಚ್ಚಿದರೆ ಒಂದು ತುದಿಯಲ್ಲಿ ಕೂದಲಿನಂಥ ತಾಮ್ರದ ತಂತಿ ಹಸಿರು ಕಿಲುಬು ಹಿಡಿದು ತುಂಡಾಗಿತ್ತು. "ಇದು ಹೇಗಾಯ್ತು ಮಾವ?" ಎಂದೆ. ಮಾವ ಗೋಡೆ ನೋಡತೊಡಗಿದರು. ಪ್ರತಿ ಬೆಳೆಗೂ ಮುಂಚೆ, ಹುಳುವಿಗೆ ರೋಗ ಬರದಿರಲೆಂದು ಹುಳುಮನೆಗೆಲ್ಲ ಬ್ಲೀಚಿಂಗ್ ಪೌಡರ್ ನೀರು ಹೊಡೆಯುವುದು ನಮ್ಮ ಕಡೆಯ ವಾಡಿಕೆ. ಪೆಟ್ಟಿಗೆಯೂ ಹುಳುಮನೆಯಲ್ಲೇ ಇರುವುದಲ್ಲವೇ? ಅದರ ಆರೋಗ್ಯವೂ ಮುಖ್ಯವಲ್ಲವೇ? ಬೆಳೆ ಬೆಳೆಗೂ ಅದರ ಬೆನ್ನಿಗೂ ಪ್ರೀತಿಯಿಂದ ಹೊಡೆದಿದ್ದರು!

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹುಳ ಉಳೀತು, ಹಾಡು ಹೋಯ್ತು" ಎಂದು ನಕ್ಕರು. ನಕ್ಕರೇನೋ ನಿಜ, ಆದರೆ ಕೈ ಗಂಟಲಿನ ಗಾಯದ ಗೆರೆಯ ಮೇಲಿತ್ತು.

ಮಾವ ಉಸಿರು ಬಿಗಿಹಿಡಿದು ತಂತಿಗೆ ಬೆಸುಗೆ ಹಾಕಿದರು. ಮತ್ತೆ ಗುದ್ದಿದರು. ಗುಡುಗು ಹೇಗೆ ಬಂತೆಂದರೆ ಪಕ್ಕದ ಮನೆಯ ಕೋಳಿಗಳು ತೋಟ ಸೇರಿದವು!

"ಬಂತಾ?"

"ಬಂತು ಕಣೇ!"

ಊರಿಗೆ ಮರಳುವ ಬಸ್ಸಿನಲ್ಲಿ ಯೋಚಿಸಿದೆ. ನಾವು ಆಡಿದ ಮಾತನ್ನು ಯಾರೋ ಬೀಳಗೊಡದೆ ಒಂದು ಗಳಿಗೆ ಹಿಡಿದುಕೊಂಡರೆ ಎಷ್ಟು ಧೈರ್ಯ ಬರುತ್ತದೆ! ಮನುಷ್ಯನಿಗೆ ಬೇಕಾದದ್ದು ಬಹುಶಃ ಅಷ್ಟೇ.

ಮೊನ್ನೆ ಮತ್ತೆ ಶನಿವಾರದ ಭಜನೆಗೆ ಹೋಗಿದ್ದೆ. ಪೆಟ್ಟಿಗೆಯ ಪಕ್ಕದಲ್ಲೇ ಜಾಗ ಸಿಕ್ಕಿತು. ಅತ್ತೆ ಕಣ್ಣು ಮುಚ್ಚಿ ಹಾಡಿದರು. ದನಿ ಸಣ್ಣದೇ, ಆದರೆ ಎಲ್ಲೂ ಅಂಜಲಿಲ್ಲ. ಹಾಡು ಮುಗಿಸಿ ಮಾವನ ಕಡೆ ತಿರುಗಿ, "ಇವತ್ತು ಎಕೋ ಚೆನ್ನಾಗಿ ಕೂತಿತ್ತು, ಅಲ್ವೇನ್ರೀ?" ಎಂದರು.

"ಕೂರ್ದೆ ಏನು, ಬೆಸುಗೆ ಹಾಕಿದ್ದು ಯಾರು!"

ನಾನು ಸುಮ್ಮನೆ ಬಗ್ಗಿ ನೋಡಿದೆ. ಎಕೋ ಏರಿಸಿ ಇಳಿಸುವ ಗುಂಡಿ ಸೊನ್ನೆಯಲ್ಲಿತ್ತು.

ನಾನು ನೋಡಿದ್ದನ್ನು ಮಾವ ನೋಡಿದರು. ಕಿವಿಯ ಹತ್ತಿರ ಬಂದು, "ವಾರವಾರಾನೂ ಚೂರುಚೂರೇ ಇಳಿಸ್ಕೊಂಡ್ ಬಂದೆ ಕಣೋ. ಅವಳಿಗೆ ಹೇಳ್ಬೇಡ" ಎಂದರು.

ಅತ್ತೆ ಮುಂದಿನ ಹಾಡಿಗೆ ತಾಳ ಎತ್ತಿಕೊಂಡರು. ಮಾವ ಪೆಟ್ಟಿಗೆಗೆ ಹೊದಿಸಿದ್ದ ಕಂಬಳಿಯ ಅಂಚನ್ನು ಮೆಲ್ಲನೆ ಎಳೆದು ಆ ಗುಂಡಿಯ ಮೇಲೆ ಮುಚ್ಚಿದರು.