ಗುರುತಿಲ್ಲದವರಿಗೆ ನಾನು ಸಾಕ್ಷಿ ಹಾಕುವುದಿಲ್ಲ

ಮನೆಗೆ ಎಂಬತ್ಮೂರು ಜನ ಅಪರಿಚಿತರು ನುಗ್ಗಿದರೆ ಯಾವ ಗಂಡಸು ಸುಮ್ಮನಿರುತ್ತಾನೆ, ನೀವೇ ಹೇಳಿ. ಅದೂ ಹೆಂಡತಿಯೇ ಕರೆಸಿದ್ದು!

ನಾನು ವೆಂಕಟ್ರಮಣ, ಹೊನ್ನಾವರದಲ್ಲಿ ದಸ್ತಾವೇಜು ಬರೆಯುವವನು. ಜಾಗ ಮಾರುವವರು, ಕೊಳ್ಳುವವರು, ಗುರುತು ಹೇಳುವ ಸಾಕ್ಷಿಗಳು, ಎಲ್ಲರನ್ನೂ ಮೇಲಿಂದ ಕೆಳಗೆ ನೋಡಿಯೇ ಪೆನ್ನು ತೆಗೆಯುತ್ತೇನೆ. (ಮದುವೆಯ ದಿನ ಮಾವನವರ ಆಧಾರ್ ಕಾರ್ಡ್ ಕೇಳಿದೆನೆಂಬುದು ಶುದ್ಧ ಸುಳ್ಳು. ಕೇಳಿದ್ದು ರೇಷನ್ ಕಾರ್ಡ್.)

ಹೆಂಡತಿ ವಿನುತಾ ವೆಬ್‌ಸೈಟ್ ಮಾಡಲು ಕಲಿತಿದ್ದಾಳೆ. ಮಿರ್ಜಾನದಲ್ಲಿ ದೋಣಿವಿಹಾರ ನಡೆಸುವ ಪ್ರದೀಪ ಅವಳ ಮೊದಲ ಗಿರಾಕಿ. ಶನಿವಾರ ಹನ್ನೆರಡಕ್ಕೆ ಸೈಟ್ ನೋಡಲು ಬರುವವನಿದ್ದ. ಹಿಡಿಸದಿದ್ದರೆ ಕೆಲಸ ಕುಮಟೆಯ ಇನ್ಯಾರೋ ವೆಬ್‌ಸೈಟಿನವರ ಪಾಲು. ಬೆಳಿಗ್ಗೆ ಅವಳು ನಮ್ಮ ಲಿನಕ್ಸ್ ಕಂಪ್ಯೂಟರಿಗೆ ‘ಕಂಪೋಸರ್’ ಎಂಬುದನ್ನು ಹಾಕುತ್ತಿದ್ದಳು.

“ಎಂತ ಅದು?”

“ಸೈಟಿಗೆ ಬೇರೆಯವ್ರು ಬರೆದ ಕೋಡ್ ಬೇಕಾಗ್ತದೆ. ಯಾವ್ದಕ್ಕೆ ಯಾವ್ದು ಬೇಕು ನೋಡಿ ಇದೇ ತರ್ತದೆ. ಅಡುಗೆಭಟ್ರಿಗೆ ಹೇಳಿದ್ರೆ ಸಹಾಯದವ್ರನ್ನ ಅವ್ರೇ ಕರ್ಕೊಂಡು ಬರೂದಿಲ್ವಾ, ಹಂಗೆ.”

“ಬರೂವವ್ರ ಊರು ಯಾವ್ದು? ತಂದೆ ಹೆಸರು?”

“ನೀವು ಸುಮ್ನೆ ಕೂತ್ಕಳಿ.”

ಕಪ್ಪು ಪರದೆಯ ಮೇಲೆ ಹೆಸರುಗಳು ಸರಸರ ಇಳಿದವು. ಎಂಬತ್ಮೂರು! ಒಬ್ಬರಿಗೂ ವಿಳಾಸವಿಲ್ಲ. ನನ್ನ ಎಡಗಣ್ಣು ಹಾರತೊಡಗಿತು. ಅಷ್ಟರಲ್ಲಿ ಮೀನಿನ ಕಮಲಿ ಗೇಟಿನಲ್ಲಿ ಕೂಗಿದಳು. “ಮುಟ್ಬೇಡಿ” ಎಂದು ಹೇಳಿ ವಿನುತಾ ಬಂಗಡೆ ಕೊಳ್ಳಲು ಹೋದಳು.

ಕೂಡಲೇ ಪರದೆ ನಿಂತು ಇಂಗ್ಲಿಷಿನಲ್ಲಿ ಕೇಳಿತು: ‘ಇಂಥವರನ್ನು ನಂಬುತ್ತೀರಾ? ಹೌದಾದರೆ ವೈ, ಇಲ್ಲವಾದರೆ ಎನ್.’

ಆಹಾ, ಎಂಥ ಸಜ್ಜನ ಯಂತ್ರ! ನೋಂದಣಿ ಕಚೇರಿಯಲ್ಲಿ ಸಾಕ್ಷಿಗೆ ಕೇಳುವ ಪ್ರಶ್ನೆಯೇ ಇದು. ಮುಖ ನೋಡದವನನ್ನು ‘ಬಲ್ಲೆ’ ಎಂದು ಸಹಿ ಹಾಕಿ ನಾಳೆ ಕೋರ್ಟಿಗೆ ಅಲೆಯುವವರು ಯಾರು? ಆತ್ಮಸಾಕ್ಷಿಯಾಗಿ ‘ಎನ್’ ಒತ್ತಿದೆ. ಇನ್ನೊಬ್ಬನ ಬಗ್ಗೆ ಕೇಳಿತು. ಅವನಿಗೂ ಎನ್.

ಕಮಲಿಯ ಹಿಂದೆಯೇ ಪ್ರದೀಪ ಬಂದುಬಿಟ್ಟ, ಹೇಳಿದ್ದಕ್ಕಿಂತ ಒಂದು ತಾಸು ಮೊದಲೇ. ವಿನುತಾ ಕೈ ತೊಳೆದು ಸೈಟ್ ತೆರೆದಳು. ದೋಣಿಯಿಲ್ಲ, ನದಿಯಿಲ್ಲ, ಬರೀ ಬಿಳಿ ಪರದೆ. ಅವಳ ಮುಖವೂ ಬಿಳಿಚಿತು. ಪ್ರದೀಪ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸತೊಡಗಿದ. ವಿನುತಾ ನನ್ನ ಕಡೆ ತಿರುಗಿದಳು.

“ನೀವು ಎಂತಾರೂ ಒತ್ತಿದ್ರಾ?”

“ಇಬ್ರನ್ನ ಮಾತ್ರ ಹೊರಗೆ ಹಾಕ್ದೆ. ಗುರುತಿಲ್ಲದವ್ರು.”

“ಸೈಟಿನ ಫೈಲೆಲ್ಲ ಜಾಗಕ್ಕೆ ಇಡೂದು ಆ ಇಬ್ರೇ!”

ಅವರಿಬ್ಬರನ್ನು ಅವಳು ಮರ್ಯಾದೆಯಿಂದ ವಾಪಸು ಕರೆಸುವ ಹತ್ತು ನಿಮಿಷವೂ ನಾನು ಪ್ರದೀಪನಿಗೆ ಚಹಾದ ಮೇಲೆ ಚಹಾ ಕೊಟ್ಟೆ. ಕೊನೆಗೆ ಪರದೆಯಲ್ಲಿ ದೋಣಿ ತೇಲಿತು. “ಆತು ಅಕ್ಕಾ, ನೀವೇ ಮಾಡಿ” ಎಂದ ಪ್ರದೀಪ. ನಾನು ವಿನುತಾಳಿಗಿಂತ ಜೋರಾಗಿ ಉಸಿರು ಬಿಟ್ಟೆ.

ಸೋಮವಾರ ಹೊಸ ಪ್ರಿಂಟರ್ ಜೋಡಿಸಲು ಕೂತೆ. ಕಂಪ್ಯೂಟರು ಪಾಸ್‌ವರ್ಡ್ ಕೇಳಿತು, ಯಾವಾಗಲೂ ಕೊಡುವುದನ್ನೇ ಕೊಟ್ಟೆ. ಉತ್ತರ ಬಂತು: ‘ವೆಂಕಟ್ರಮಣ ಎಂಬವರಿಗೆ ಇಲ್ಲಿ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.’

ಮೈಯೆಲ್ಲ ಬೆವರಿತು. ಯಾರಿಗೆ ವರದಿ? ಪೊಲೀಸರಿಗೋ, ದಿಲ್ಲಿಗೋ?

“ವಿನುತಾ, ಈ ವರದಿ ಯಾರಿಗೆ ಹೋಗ್ತದೆ?”

“ನನ್ನ ಮೊಬೈಲಿಗೇ. ಬಂತು” ಎಂದಳು ಅವಳು, ಒಳಗಿನಿಂದಲೇ. “ಈಗ ಮತ್ತೆ ಎಂತ ಒತ್ತಿದ್ರಿ?”